ನಾಮದ ಕೋಳಿ ಮತ್ತು ವೊಲ್ಲೆಮಿ ಮರ

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ವಿಜ್ಞಾನಕ್ಕೆ ಸಂಬಂಧಿಸಿದ ಯಾವುದಾದರೂ ವಿಷಯವನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದರು. ‘ಪರಿಸರ ಸಂರಕ್ಷಣೆ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸೋಣವೇ ಎಂದೂ ಕೇಳಿದರು. ಬೇಡವೆಂದೆ. ಅಷ್ಟು ದೊಡ್ಡ ಹೆಸರಿನ ಕೆಳಗೆ ಯಾರು ಏನು ಬೇಕಾದರೂ ಹೇಳಬಹುದು. ಕೇಳಿದವರು ಮನೆಗೆ ಹೋಗುವಷ್ಟರಲ್ಲಿ ಮರೆಯಲೂಬಹುದು. ಅದರ ಬದಲು ಒಂದು ಹಕ್ಕಿಯನ್ನೂ ಒಂದು ಮರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣವೆಂದು ಬಂದಿದ್ದೇನೆ. ಹಕ್ಕಿ ನಿಮಗೆಲ್ಲ ಗೊತ್ತಿರುವುದು. ಮರವನ್ನು ಈ ಸಭೆಯಲ್ಲಿ ಯಾರೂ ಕಂಡಿರಲಾರರು.

ಇವೆರಡಕ್ಕೆ ಸಂಬಂಧವೇನು ಎಂಬ ಪ್ರಶ್ನೆ ಸಹಜ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 1964ರಿಂದ ‘ಕೆಂಪುಪಟ್ಟಿ’ಯೊಂದನ್ನು ಇಟ್ಟುಕೊಂಡು ಬಂದಿದೆ. ಯಾವ ಜೀವಿ ಎಷ್ಟರ ಮಟ್ಟಿಗೆ ಅಪಾಯದಲ್ಲಿದೆ ಎಂಬುದನ್ನು ಅಲ್ಲಿ ದರ್ಜೆಗಳಾಗಿ ಗುರುತಿಸುತ್ತಾರೆ. ಪಟ್ಟಿಯ ಒಂದು ತುದಿಯಲ್ಲಿ ‘ಸದ್ಯಕ್ಕೆ ಚಿಂತೆಯಿಲ್ಲ’ ಎನ್ನುವ ದರ್ಜೆ. ಇನ್ನೊಂದು ತುದಿಯಲ್ಲಿ, ಕಾಡಿನಿಂದ ಪೂರ್ತಿ ಕಣ್ಮರೆಯಾಗುವುದಕ್ಕೆ ಒಂದು ಹೆಜ್ಜೆ ಈಚೆಗೆ, ‘ಅತ್ಯಂತ ತೀವ್ರ ಅಪಾಯದಲ್ಲಿದೆ’ ಎನ್ನುವ ದರ್ಜೆ. ನನ್ನ ಹಕ್ಕಿ ಮೊದಲನೆಯದರಲ್ಲಿದೆ, ನನ್ನ ಮರ ಎರಡನೆಯದರಲ್ಲಿದೆ. ಪಟ್ಟಿಯನ್ನು ಓದುವಾಗ ನಾವು ಸಾಮಾನ್ಯವಾಗಿ ಹೀಗೆ ಭಾವಿಸುತ್ತೇವೆ: ಹೆಚ್ಚಾಗಿರುವುದು ಗಟ್ಟಿ, ಕಡಿಮೆಯಾಗಿರುವುದು ದುರ್ಬಲ. ಈ ಭಾವನೆ ಎಷ್ಟರ ಮಟ್ಟಿಗೆ ನಿಜ ಎಂಬುದೇ ಇಂದಿನ ವಿಚಾರ.

ಮೊದಲು ಹಕ್ಕಿ. ಚಳಿಗಾಲದಲ್ಲಿ ನಮ್ಮ ಸೀಮೆಯ ಯಾವ ದೊಡ್ಡ ಕೆರೆಯ ಏರಿಯ ಮೇಲೆ ನಿಂತರೂ ನಡುನೀರಿನಲ್ಲಿ ಕಪ್ಪು ಚುಕ್ಕೆಗಳ ಹಿಂಡೊಂದು ಕಾಣುತ್ತದೆ. ಜನ ಬಾತುಕೋಳಿಗಳೆಂದು ಹೇಳಿ ಮುಂದೆ ಸಾಗುತ್ತಾರೆ. ಅವು ಬಾತುಗಳಲ್ಲ, ನೀರುಕೋಳಿಗಳ ಕುಟುಂಬಕ್ಕೆ ಸೇರಿದವು. ಮೈಯೆಲ್ಲ ಮಸಿಯಂತೆ ಕಪ್ಪು, ಕಣ್ಣು ಕೆಂಪು, ಕೊಕ್ಕು ಬಿಳಿ. ಆ ಬಿಳುಪು ಕೊಕ್ಕಿನಲ್ಲಿ ನಿಲ್ಲದೆ ಹಣೆಯ ಮೇಲೂ ಏರಿ ನಾಮದಂತೆ ನಿಂತಿರುತ್ತದೆ. ಆದ್ದರಿಂದ ಕನ್ನಡದಲ್ಲಿ ಇದು ನಾಮದ ಕೋಳಿ. ಮರಾಠಿಯಲ್ಲಿ ಇದಕ್ಕೆ ‘ವಾರಕರಿ’ ಎಂಬ ಹೆಸರಿದೆ. ಪಂಢರಪುರ ನಮ್ಮ ಜಿಲ್ಲೆಯಲ್ಲಿಯೇ ಇರುವುದರಿಂದ ಆ ಹೆಸರನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಣೆಯ ನಾಮವನ್ನು ನೋಡಿ ಇಟ್ಟ ಹೆಸರೋ, ವರ್ಷವರ್ಷವೂ ತಪ್ಪದೆ ಬಂದು ಹೋಗುವುದನ್ನು ನೋಡಿ ಇಟ್ಟ ಹೆಸರೋ, ಎರಡೂ ಅದಕ್ಕೆ ಒಪ್ಪುತ್ತವೆ. ಎರಡು ಭಾಷೆಯ ಜನ ಒಂದೇ ಹಣೆಯನ್ನು ನೋಡಿ, ತಮ್ಮ ತಮ್ಮ ಮಾತಿನಲ್ಲಿ ಹೆಚ್ಚುಕಡಿಮೆ ಒಂದೇ ಹೆಸರನ್ನು ಕೊಟ್ಟಿದ್ದಾರೆ. ಗಡಿಯ ಊರಿನಲ್ಲಿ ಬೆಳೆದವನಿಗೆ ಇದು ಸಂತೋಷದ ಸಂಗತಿ.

ಈ ಹಕ್ಕಿಯ ಕಾಲನ್ನು ಹತ್ತಿರದಿಂದ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಬಾತಿಗಿರುವಂತೆ ಬೆರಳುಗಳ ನಡುವೆ ಚರ್ಮದ ಜಾಲವಿಲ್ಲ. ಪ್ರತಿ ಬೆರಳಿನ ಅಂಚಿಗೂ ಎಲೆಯಾಕಾರದ ಚರ್ಮದ ಹಾಳೆಗಳು ಅಂಟಿಕೊಂಡಿರುತ್ತವೆ. ಕಾಲನ್ನು ಹಿಂದಕ್ಕೆ ಒದ್ದಾಗ ಆ ಹಾಳೆಗಳು ಬಿಚ್ಚಿಕೊಂಡು ಹುಟ್ಟಿನಂತೆ ನೀರನ್ನು ತಳ್ಳುತ್ತವೆ, ಮುಂದಕ್ಕೆ ತಂದಾಗ ಮಡಚಿಕೊಳ್ಳುತ್ತವೆ. ಹೀಗಾಗಿ ಅದು ಈಜಲೂ ಬಲ್ಲದು, ಕೆಸರಿನಲ್ಲಿ ನಡೆಯಲೂ ಬಲ್ಲದು, ಹುಲ್ಲಿನ ಮೇಲೆ ಮೇಯಲೂ ಬಲ್ಲದು. ಯಾವ ಕೆಲಸದಲ್ಲಿಯೂ ಅದು ನಿಪುಣನಲ್ಲ. ಹಾರಬೇಕಾದರೆ ನೀರಿನ ಮೇಲೆ ಪಟಪಟನೆ ಓಡುತ್ತ ಓಡುತ್ತ ಬಹಳ ಕಷ್ಟದಿಂದ ಮೇಲೇಳುತ್ತದೆ. ನೋಡಿದವರು ಇದೆಲ್ಲಿಗೆ ಹೋಗುತ್ತದೆ ಎಂದು ನಗಬೇಕು. ಆದರೆ ಹೀಗೆ ಎದ್ದ ಹಕ್ಕಿಯೇ ರಾತ್ರಿಯ ಹೊತ್ತು ದೇಶದೇಶಗಳನ್ನು ದಾಟುತ್ತದೆ. ಯುರೋಪು, ಏಷ್ಯಾ, ಉತ್ತರ ಆಫ್ರಿಕಾ, ಆಸ್ಟ್ರೇಲಿಯಾ ಎಲ್ಲ ಕಡೆ ಇದೇ ಜಾತಿ ಇದೆ. ನ್ಯೂಜಿಲೆಂಡಿನಲ್ಲಿ ಮೊದಲು ಎಲ್ಲೋ ಒಂದೊಂದು ದಾರಿ ತಪ್ಪಿ ಬರುತ್ತಿದ್ದುದು 1958ರಲ್ಲಿ ಅಲ್ಲಿನ ಹೇಸ್ ಎಂಬ ಸರೋವರದಲ್ಲಿ ಗೂಡು ಕಟ್ಟಿ ಮರಿ ಮಾಡಿತು. ಈಗ ಅದು ಅಲ್ಲಿಯ ಹಕ್ಕಿಯೂ ಹೌದು.

ಅದರ ಊಟವೂ ಹೀಗೆಯೇ. ನೀರಿನ ಕಳೆ, ಪಾಚಿ, ಬಸವನಹುಳು, ಕೀಟ, ದಡದ ಹುಲ್ಲು, ಸಿಕ್ಕಿದ್ದೆಲ್ಲ ಆದೀತು. ಮನುಷ್ಯ ನದಿಗೆ ಅಡ್ಡಗಟ್ಟೆ ಹಾಕಿದರೆ ಎಷ್ಟೋ ಜೀವಿಗಳು ನೆಲೆ ಕಳೆದುಕೊಳ್ಳುತ್ತವೆ. ಈ ಹಕ್ಕಿಗೆ ಹೊಸ ನೆಲೆ ದೊರೆಯುತ್ತದೆ. ಬ್ರಿಟಿಷರ ಕಾಲದ ಹಿಪ್ಪರಗಾ ಕೆರೆಯಂಥ ನೀರು, 1980ರ ಸುಮಾರಿಗೆ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು, ಇವೆಲ್ಲ ಅದಕ್ಕೆ ನಾವಾಗಿ ಕಟ್ಟಿಕೊಟ್ಟ ಮನೆಗಳು. ನಮ್ಮ ಕಸವನ್ನೂ ಅದು ಬಿಡುವುದಿಲ್ಲ. ಆಮ್‌ಸ್ಟರ್‌ಡ್ಯಾಮ್ ನಗರದ ಕಾಲುವೆಗಳಲ್ಲಿ ನಾಮದ ಕೋಳಿಗಳು ಪ್ಲಾಸ್ಟಿಕ್ಕಿನಿಂದಲೇ ಗೂಡು ಕಟ್ಟುತ್ತವೆ. ಒಣಹುಲ್ಲಿನ ಗೂಡು ಒಂದು ವರ್ಷದಲ್ಲಿ ಕೊಳೆತುಹೋಗುತ್ತದೆ, ಪ್ಲಾಸ್ಟಿಕ್ಕು ಕೊಳೆಯುವುದಿಲ್ಲ. ಹೀಗಾಗಿ ಹಳೆಯ ಗೂಡಿನ ಮೇಲೆಯೇ ಹೊಸದನ್ನು ಕಟ್ಟುತ್ತ ಹೋಗುತ್ತವೆ. ಡಚ್ ಜೀವವಿಜ್ಞಾನಿ ಔಕೆ-ಫ್ಲೋರಿಯಾನ್ ಹೀಮ್‌ಸ್ಟ್ರಾ ಮತ್ತು ಅವರ ಜೊತೆಗಾರರು ಇಂಥ ಗೂಡೊಂದನ್ನು, ಪುರಾತತ್ತ್ವದವರು ನೆಲ ಅಗೆಯುವಂತೆ, ಪದರ ಪದರವಾಗಿ ಬಿಡಿಸಿ 2025ರಲ್ಲಿ ವರದಿ ಪ್ರಕಟಿಸಿದರು. ಕೆಳಗಿನ ಪದರದಲ್ಲಿ ಅವರಿಗೆ ಸಿಕ್ಕಿದ್ದು 1994ರ ವಿಶ್ವಕಪ್ ಫುಟ್‌ಬಾಲಿನ ಜಾಹೀರಾತು ಇದ್ದ ಒಂದು ಚಾಕೊಲೇಟಿನ ಹೊದಿಕೆ. 1994 ಎಂಬ ಈ ಇಸವಿಯನ್ನು ನೆನಪಿನಲ್ಲಿಡಿ. ಅದು ಇನ್ನೊಮ್ಮೆ ಬರಲಿದೆ.

ಇಷ್ಟು ಕೇಳಿದ ಮೇಲೆ ನಾಮದ ಕೋಳಿಯ ಬದುಕು ಸುಖದ್ದೆಂದು ತೋರಬಹುದು. ಅದರ ಮನೆಯೊಳಗಿನ ಕಥೆ ಬೇರೆ. ಹೆಣ್ಣು ಸಾಮಾನ್ಯವಾಗಿ ಆರರಿಂದ ಹತ್ತು ಮೊಟ್ಟೆ ಇಡುತ್ತದೆ. ಮೂರು ವಾರಕ್ಕೆ ಮರಿಗಳು ಹೊರಬರುತ್ತವೆ. ತಂದೆ-ತಾಯಿ ಕಪ್ಪು-ಬಿಳುಪಿನವು, ಮರಿಗಳ ತಲೆಯೋ ಕಿತ್ತಳೆ-ಕೆಂಪು! ಮೊದಲ ಕೆಲವು ದಿನ ಎರಡೂ ಹಕ್ಕಿಗಳು ಮರಿಗಳ ಬಾಯಿಗೆ ತುತ್ತಿಡುತ್ತವೆ. ಆಮೇಲೆ ಆಹಾರ ಸಾಲದೆ ಬಂದರೆ, ಹೆಚ್ಚು ಹೆಚ್ಚು ಬೇಡುವ ಮರಿಯನ್ನು ಹೆತ್ತವೇ ಕೊಕ್ಕಿನಿಂದ ಕುಕ್ಕಿ ದೂಡುತ್ತವೆ. ಪೆಟ್ಟು ತಿಂದ ಮರಿ ಬೇಡುವುದನ್ನೇ ಬಿಡುತ್ತದೆ. ಎಷ್ಟೋ ಮರಿಗಳು ಹಾಗೆಯೇ ಸೊರಗಿ ಸಾಯುತ್ತವೆ. ಇದನ್ನು ಕ್ರೌರ್ಯವೆನ್ನುವುದು ಮನುಷ್ಯನ ಮಾತು, ಹಕ್ಕಿಗೆ ಅದು ಸಲ್ಲದು. ಆದರೆ ಕೆರೆಯ ತುಂಬ ಕಾಣುವ ಆ ಕಪ್ಪು ಚುಕ್ಕೆಗಳ ಹಿಂದೆ ಎಣಿಕೆಗೆ ಬಾರದ ಮರಿಗಳಿವೆ ಎಂಬುದನ್ನು ತಿಳಿದಿರಬೇಕು. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಬಾಟ್ಯುಲಿಸಮ್ ಎಂಬ ವಿಷರೋಗ ಹರಡಿ ಸಾವಿರಾರು ವಲಸೆ ಹಕ್ಕಿಗಳು ಸತ್ತವು. ಅವುಗಳಲ್ಲಿ ನಾಮದ ಕೋಳಿಗಳೂ ಇದ್ದವು. ಜಾತಿಯ ಒಟ್ಟು ಎಣಿಕೆಯಲ್ಲಿ ಅದು ಕಾಣುವಷ್ಟೂ ಅಲ್ಲ. ಸಾಮಾನ್ಯವಾಗಿರುವ ಜೀವಿಗೆ ದೊರೆಯುವ ದೊಡ್ಡ ಅನುಕೂಲವೆಂದರೆ ಇದೇ: ಅದು ನಷ್ಟವನ್ನು ತಾಳಿಕೊಳ್ಳಬಲ್ಲದು.

ಇನ್ನು ಮರ. ಇದೇ ನಾಮದ ಕೋಳಿ ಆಸ್ಟ್ರೇಲಿಯಾದ ಸಿಡ್ನಿ ನಗರದ ಸೆಂಟೆನಿಯಲ್ ಉದ್ಯಾನದ ಕೊಳಗಳಲ್ಲಿಯೂ ಈಜುತ್ತಿರುತ್ತದೆ. ಅಲ್ಲಿಂದ ವಾಯವ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ ವೊಲ್ಲೆಮಿ ಎಂಬ ರಾಷ್ಟ್ರೀಯ ಉದ್ಯಾನವಿದೆ. ಉದ್ಯಾನವೆಂದರೆ ಹೂದೋಟವಲ್ಲ, ಸುಮಾರು 5 ಲಕ್ಷ ಹೆಕ್ಟೇರಿನಷ್ಟು ಕಾಡು, ಮರಳುಗಲ್ಲಿನ ಬಂಡೆಗಳು, ಅವುಗಳ ನಡುವೆ ಹಗ್ಗ ಕಟ್ಟಿ ಇಳಿಯಬೇಕಾದಂಥ ಆಳವಾದ ಕಮರಿಗಳು. 1994ರ ಸೆಪ್ಟೆಂಬರಿನಲ್ಲಿ, ಅದೇ 1994ರಲ್ಲಿ, ಡೇವಿಡ್ ನೋಬಲ್ ಎಂಬ ಉದ್ಯಾನದ ಸಿಬ್ಬಂದಿಯೊಬ್ಬರು ಇಬ್ಬರು ಗೆಳೆಯರೊಂದಿಗೆ ರಜೆಯ ದಿನ ಅಂಥದೊಂದು ಕಮರಿಗೆ ಇಳಿದರು. ಅಲ್ಲಿ ಕಂಡ ಮರಗಳು ಅವರ ತಿಳಿವಳಿಕೆಗೆ ಸಿಗಲಿಲ್ಲ. ಕೆಳಗೆ ಬಿದ್ದಿದ್ದ ಒಂದು ರೆಂಬೆಯನ್ನು ಚೀಲಕ್ಕೆ ಹಾಕಿಕೊಂಡು ಬಂದು ತಿಳಿದವರಿಗೆ ತೋರಿಸಿದರು. ಅದು ಯಾವುದೋ ಜರೀಗಿಡದ ಎಲೆಯಿರಬೇಕು ಎನ್ನುವುದು ಮೊದಲ ಊಹೆಯಾಗಿತ್ತಂತೆ. ಜರೀಗಿಡವಲ್ಲ, 40 ಮೀಟರ್ ಎತ್ತರಕ್ಕೆ ಬೆಳೆಯುವ ಮರ ಎಂದಾಗ ಎಲ್ಲರೂ ಎದ್ದು ಕುಳಿತರು. ಮರುವರ್ಷ ಅದಕ್ಕೆ ಶಾಸ್ತ್ರೀಯ ಹೆಸರು ಬಂತು: ‘ವೊಲ್ಲೆಮಿಯಾ ನೊಬಿಲಿಸ್’. ಈ ಸಭೆಯಲ್ಲಿ ಪಾಲಕರಾಗಿ ಕುಳಿತಿರುವ ಹಲವರು ಆ ವರ್ಷ ಇದೇ ಶಾಲೆಯ ಬೆಂಚುಗಳ ಮೇಲಿದ್ದವರು. ಐವತ್ತು ಲಕ್ಷ ಜನ ವಾಸಿಸುವ ನಗರದಿಂದ ಕೆಲವೇ ಗಂಟೆಗಳ ದಾರಿಯಲ್ಲಿ ಇಷ್ಟು ದೊಡ್ಡ ಮರ ವಿಜ್ಞಾನಕ್ಕೆ ಗೊತ್ತಿಲ್ಲದೆ ನಿಂತಿತ್ತು.

ಇದು ಶಂಕುಧಾರಿ ಮರ. ಎಂದರೆ ಹೂವಿಲ್ಲ, ಹಣ್ಣಿಲ್ಲ. ದೇವದಾರು, ಪೈನ್‌ಗಳಲ್ಲಿರುವಂತೆ ಹುರುಪೆ ಹುರುಪೆಯಾದ ಶಂಕುಗಳಲ್ಲಿ ಬೀಜ. ನಮ್ಮ ಎರೆಭೂಮಿಯ ಸೀಮೆಯಲ್ಲಿ ಸಹಜವಾಗಿ ಬೆಳೆಯುವ ಶಂಕುಧಾರಿಗಳಿಲ್ಲ. ಆದರೆ ಕೆಲವು ಬಂಗಲೆಗಳ ಅಂಗಳದಲ್ಲಿ ಅಂತಸ್ತು ಅಂತಸ್ತಾಗಿ ರೆಂಬೆ ಚಾಚಿದ, ಜನ ಕ್ರಿಸ್‌ಮಸ್ ಗಿಡ ಎನ್ನುವ ಅರೌಕೇರಿಯಾವನ್ನು ನೀವು ನೋಡಿರುತ್ತೀರಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಅದರ ದೊಡ್ಡ ಮರಗಳೇ ಇವೆ. ವೊಲ್ಲೆಮಿ ಅದೇ ಕುಟುಂಬದ್ದು. ತೊಗಟೆ ಕಂದು ಬಣ್ಣದ ಗುಳ್ಳೆಗಳೆದ್ದಂತೆ ಒರಟಾಗಿರುತ್ತದೆ. ಅದು ಎಲೆಯನ್ನು ಒಂದೊಂದಾಗಿ ಉದುರಿಸುವುದಿಲ್ಲ, ವಯಸ್ಸಾದ ರೆಂಬೆಯನ್ನೇ ಇಡಿಯಾಗಿ ಕಳಚಿಹಾಕುತ್ತದೆ. ಚಳಿಗಾಲದಲ್ಲಿ ಬೆಳೆಯುವ ತುದಿಗಳ ಮೇಲೆ ಬಿಳಿಯ ಅಂಟಿನ ಟೋಪಿ ಹಾಕಿಕೊಂಡು ಮೊಗ್ಗನ್ನು ಕಾಪಾಡಿಕೊಳ್ಳುತ್ತದೆ. ಒಂದೇ ಬುಡದಿಂದ ಹಲವು ಕಾಂಡಗಳು ಏಳುತ್ತವೆ; ಹಳೆಯ ಕಾಂಡ ಬಿದ್ದರೂ ಹೊಸ ಕಾಂಡ ಮೇಲೆ ಬರುತ್ತದೆ. ಹೀಗಾಗಿ ಕೆಲವು ಬುಡಗಳ ವಯಸ್ಸು ಸಾವಿರ ವರ್ಷವನ್ನೂ ಮೀರಿರಬಹುದೆಂದು ಅಂದಾಜಿದೆ.

ಆದರೆ ನಿಜವಾದ ವಯಸ್ಸು ಬೇರೆಯೇ. ಈ ಮರದ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಭೂವಿಜ್ಞಾನಿಗಳಿಗೆ ಹಳೆಯ ಪರಿಚಯ ಸಿಕ್ಕಿತು. ಕಲ್ಲುಗಳಲ್ಲಿ ಅವರು ಮೊದಲೇ ಕಂಡಿದ್ದ, ಯಾವ ಮರದ್ದೆಂದು ತಿಳಿಯದಿದ್ದ ಒಂದು ಬಗೆಯ ಪಳೆಯುಳಿಕೆ ಪರಾಗಕ್ಕೂ ಇದಕ್ಕೂ ಅಚ್ಚರಿಯ ಹೋಲಿಕೆ. ಆ ಪರಾಗ ಸುಮಾರು ಒಂಬತ್ತು ಕೋಟಿ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ನಾವು ಕುಳಿತಿರುವ ಈ ನೆಲದ ಕರಿಕಲ್ಲು, ಎಂದರೆ ದಖ್ಖನಿನ ಲಾವಾ ಹರಿದು ಗಟ್ಟಿಯಾದ ಬಂಡೆ, ಸುಮಾರು ಆರೂವರೆ ಕೋಟಿ ವರ್ಷಗಳದು. ನಮ್ಮ ಹೊಲದ ಕರಿಮಣ್ಣು ಆ ಬಂಡೆ ಕರಗಿ ಆದದ್ದು. ಹಾಗೆಂದರೆ ನಮ್ಮ ಕಾಲಕೆಳಗಿನ ಕಲ್ಲು ಹುಟ್ಟುವ ಮೊದಲೇ ಈ ಮರದ ವಂಶ ಗಾಳಿಗೆ ಪರಾಗ ತೂರುತ್ತಿತ್ತು. ಅಂದು ದಕ್ಷಿಣದ ಭೂಖಂಡಗಳು ಒಂದಾಗಿದ್ದ ಮಹಾಖಂಡ ಒಡೆದು ಚದುರುತ್ತಿದ್ದ ಕಾಲ. ಆ ಮಹಾಖಂಡಕ್ಕೆ ಪ್ರಪಂಚವೆಲ್ಲ ಹೇಳುವ ‘ಗೊಂಡ್ವಾನ’ ಎಂಬ ಹೆಸರು ಬಂದದ್ದು ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ. ಮಕ್ಕಳು ಇದನ್ನು ಬರೆದಿಟ್ಟುಕೊಳ್ಳಬಹುದು, ಪರೀಕ್ಷೆಗೆ ಬರಲಿ ಬಾರದಿರಲಿ.

ಆಮೇಲೆ ಆಸ್ಟ್ರೇಲಿಯಾ ಉತ್ತರಕ್ಕೆ ಸರಿಯಿತು, ಒಣಗಿತು. ತೇವದ ಕಾಡುಗಳು ಹಿಂದೆ ಸರಿದವು, ಬೆಂಕಿಯೊಂದಿಗೆ ಬದುಕಬಲ್ಲ ನೀಲಗಿರಿ ಜಾತಿಯ ಮರಗಳು ಹರಡಿದವು. ವೊಲ್ಲೆಮಿಗೆ ಉಳಿದದ್ದು ನೀರು ಜಿನುಗುವ, ಬಿಸಿಲೂ ಬೆಂಕಿಯೂ ಸುಲಭವಾಗಿ ಇಳಿಯಲಾರದ ಆ ಕಮರಿಗಳು ಮಾತ್ರ. ಇಂದು ಕಾಡಿನಲ್ಲಿರುವ ಬೆಳೆದ ಮರಗಳು ನೂರಕ್ಕಿಂತ ಕಡಿಮೆ. ಅವುಗಳ ಅನುವಂಶಿಕ ಗುಣಗಳನ್ನು ಪರೀಕ್ಷಿಸಿದರೆ ಮರಮರಗಳ ನಡುವೆ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಕಡಿಮೆ. ಒಂದಕ್ಕೆ ತಗುಲುವ ರೋಗ ಎಲ್ಲಕ್ಕೂ ತಗುಲೀತು ಎಂದು ಇದರ ಅರ್ಥ. ಹಕ್ಕಿ ಸಾವಿರ ಕಳೆದುಕೊಂಡು ಸುಮ್ಮನಿರುತ್ತದೆ. ಈ ಮರ ಹತ್ತನ್ನು ಕಳೆದುಕೊಳ್ಳುವಂತಿಲ್ಲ.

ಇಲ್ಲಿಯವರೆಗೆ ಕೇಳಿದವರು, ಸರಿ, ಹಕ್ಕಿ ಗಟ್ಟಿ, ಮರ ದುರ್ಬಲ ಎಂದು ತೀರ್ಮಾನಿಸಬಹುದು. ಇಲ್ಲಿಂದ ಮುಂದಿನದು ನನಗೆ ಬಹಳ ಮುಖ್ಯವೆನಿಸುತ್ತದೆ. ವೊಲ್ಲೆಮಿಯ ಬೀಜಗಳನ್ನೂ ತುಂಡುಗಳನ್ನೂ ತಂದು ಸಸ್ಯೋದ್ಯಾನದವರು ಸಸಿ ಮಾಡಲು ತೊಡಗಿದರು. ಬಹಳ ನಾಜೂಕಿನ ಗಿಡವಾಗಿರಬೇಕೆಂದು ಯಾರಾದರೂ ಊಹಿಸುವುದು ಸಹಜ. ಗಿಡ ಚೆನ್ನಾಗಿಯೇ ಬೆಳೆಯಿತು. ಕುಂಡದಲ್ಲಿ ಬೆಳೆಯಿತು, ನೆಲದಲ್ಲಿ ಬೆಳೆಯಿತು. ಇಂಗ್ಲೆಂಡಿನ ಹಿಮವನ್ನೂ ತಾಳಿತು, ಆಸ್ಟ್ರೇಲಿಯಾದ ಬೇಸಗೆಯನ್ನೂ ತಾಳಿತು. 2005ರ ಅಕ್ಟೋಬರಿನಲ್ಲಿ ಸಿಡ್ನಿಯಲ್ಲಿ ಮೊದಲ ಸಸಿಗಳನ್ನು ಹರಾಜು ಹಾಕಿದರು. ಮರುವರ್ಷದಿಂದ ಅಂಗಡಿಗಳಲ್ಲಿ ಯಾರು ಬೇಕಾದರೂ ಕೊಳ್ಳುವಂತಾಯಿತು. ಇಂದು ಹಲವು ದೇಶಗಳ ಸಸ್ಯೋದ್ಯಾನಗಳಲ್ಲಿ, ಮನೆಗಳ ಅಂಗಳಗಳಲ್ಲಿ ಅದು ಬೆಳೆಯುತ್ತಿದೆ. ಆ ಮರದಲ್ಲಿ ಶಕ್ತಿಗೇನೂ ಕೊರತೆ ಇರಲಿಲ್ಲ. ಅದು ನಿಂತ ಜಾಗ ಇಕ್ಕಟ್ಟಾಗಿತ್ತು, ಆ ಇಕ್ಕಟ್ಟಿನಿಂದ ಹೊರಗೆ ಕಾಲಿಡಲು ಅದಕ್ಕೆ ದಾರಿಯಿರಲಿಲ್ಲ. ಕಮರಿಯ ಕತ್ತಲಲ್ಲಿ ಅದರ ಎಳೆಯ ಸಸಿಗಳು ಮೇಲಿನ ಮರವೊಂದು ಬಿದ್ದು ಬೆಳಕು ಬರುವವರೆಗೆ ವರ್ಷಗಟ್ಟಲೆ ಹೆಚ್ಚು ಬೆಳೆಯದೆ ಕಾಯುತ್ತವೆ. ಅಂಥ ಸಸಿಯನ್ನು ಅಳೆದು, ಇದಕ್ಕೆ ಬೆಳವಣಿಗೆಯಿಲ್ಲ ಎಂದು ಬರೆದರೆ ಹೇಗೆ? ವಿರಳತೆ ಜೀವಿಯ ಗುಣವಲ್ಲ, ಅದಕ್ಕೆ ಒದಗಿದ ಪರಿಸ್ಥಿತಿ. ಸಾಮಾನ್ಯತೆಯೂ ಹಾಗೆಯೇ. ಭೀಮೆಗೆ ಅಣೆಕಟ್ಟು ಕಟ್ಟುವ ಮೊದಲು ಉಜನಿಯಲ್ಲಿ ನಾಮದ ಕೋಳಿಗಳ ಆ ದೊಡ್ಡ ಹಿಂಡುಗಳಿಗೆ ನೀರೆಲ್ಲಿತ್ತು?

ಮರವನ್ನು ಉಳಿಸಲು ಮಾಡಿದ ಪ್ರಯತ್ನಗಳಲ್ಲಿ ಎರಡು ಒಂದಕ್ಕೊಂದು ವಿರುದ್ಧವೆನ್ನುವಂತಿವೆ. ಕಾಡಿನ ಮರಗಳು ಎಲ್ಲಿವೆ ಎಂಬುದನ್ನು ಸರ್ಕಾರ ಗುಟ್ಟಾಗಿಟ್ಟಿತು. ಅದೇ ಕಾಲಕ್ಕೆ ಸಸಿಗಳನ್ನು ಊರೂರಿಗೆ ಹಂಚಿತು. ಗುಟ್ಟು ಏಕೆಂದರೆ, ಆ ಮರಗಳಿಗೆ ಕಳ್ಳರಷ್ಟೇ ಅಪಾಯ ಅಭಿಮಾನಿಗಳಿಂದಲೂ ಇತ್ತು. 2005ರಲ್ಲಿ ಕಮರಿಯ ಮಣ್ಣಿನಲ್ಲಿ ಫೈಟಾಫ್ತೊರಾ ಎಂಬ ಬೇರುಕೊಳೆಯ ರೋಗಾಣು ಕಂಡುಬಂತು. ಅಡಿಕೆಯ ಕೊಳೆರೋಗದ ಹೆಸರನ್ನು ನೀವು ಕೇಳಿರುತ್ತೀರಿ. ಅದೇ ಬಳಗದ ಇನ್ನೊಂದು ಜಾತಿ ಇದು. ಅನುಮತಿಯಿಲ್ಲದೆ ಮರ ನೋಡಲು ಹೋದ ಯಾರದೋ ಬೂಟಿನ ಮಣ್ಣಿನೊಂದಿಗೆ ಅದು ಒಳಗೆ ಹೋಗಿರಬೇಕೆಂದು ಶಂಕೆ. ನೋಡುವ ಆಸೆಯೇ ನೋಡಬೇಕಾದುದನ್ನು ಕೊಲ್ಲಬಲ್ಲದು. ಹಂಚಿದ್ದೂ ಇದೇ ಕಾರಣಕ್ಕೆ: ಆಸೆ ಇದ್ದವನ ಅಂಗಳದಲ್ಲಿಯೇ ಮರ ಇದ್ದರೆ ಅವನೇಕೆ ಕಮರಿಗೆ ಇಳಿದಾನು? ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆ ಉಳಿದಿರುತ್ತದೆ ಎಂಬ ಲೆಕ್ಕವೂ ಇತ್ತು.

ಆ ಬೆಂಕಿ ಬಂದೇ ಬಂತು. 2019ರ ಅಕ್ಟೋಬರಿನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಗಾಸ್ಪರ್ಸ್ ಮೌಂಟನ್ ಕಾಳ್ಗಿಚ್ಚು 5 ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡನ್ನು ಸುಟ್ಟು, ಕಮರಿಯತ್ತ ನುಗ್ಗಿತು. ವಿಮಾನಗಳಿಂದ ಬೆಂಕಿತಡೆಯ ರಾಸಾಯನಿಕ ಸುರಿಸಿದರು. ಅಗ್ನಿಶಾಮಕರನ್ನು ಹೆಲಿಕಾಪ್ಟರಿನಿಂದ ಹಗ್ಗದಲ್ಲಿ ಕಮರಿಯೊಳಗೆ ಇಳಿಸಿದರು. ಅವರು ನೀರೆತ್ತುವ ಪಂಪು, ಕೊಳವೆಗಳನ್ನು ಹೂಡಿ ನೆಲವನ್ನು ತೇವವಾಗಿಟ್ಟರು. ಕೆಲವು ಮರಗಳು ಕಮರಿದರೂ ತೋಪು ಉಳಿಯಿತು. ಸುದ್ದಿಯನ್ನು ಹೊರಗೆ ಬಿಟ್ಟದ್ದು 2020ರ ಜನವರಿಯಲ್ಲಿ, ಎಲ್ಲವೂ ಮುಗಿದ ಮೇಲೆ. ಇಷ್ಟೆಲ್ಲ ಮಾಡಲು ಸಾಧ್ಯವಾದದ್ದಕ್ಕೆ ಒಂದು ಕಾರಣ, ಪ್ರತಿಯೊಂದು ಮರವೂ ಎಲ್ಲಿದೆ, ಎಷ್ಟು ದಪ್ಪವಿದೆ, ಹೇಗಿದೆ ಎಂಬ ಲೆಕ್ಕ ಅವರ ಬಳಿ ಇತ್ತು.

ಹಾಗಾದರೆ ಸಾಮಾನ್ಯವಾದುದರ ಲೆಕ್ಕ ಯಾರ ಬಳಿ ಇದೆ? ಇಲ್ಲಿ ನಾಮದ ಕೋಳಿಯನ್ನು ಕ್ಷಣಕಾಲ ಬದಿಗಿಟ್ಟು, ಹಿರಿಯರಿಗೆ ಒಂದು ಹಕ್ಕಿಯನ್ನು ನೆನಪಿಸುತ್ತೇನೆ. ಸತ್ತ ದನವನ್ನು ಊರ ಹೊರಗೆ ಎಳೆದು ಹಾಕಿದರೆ ಗಳಿಗೆಯೊಳಗೆ ಆಕಾಶದಿಂದ ಇಳಿಯುತ್ತಿದ್ದ ರಣಹದ್ದುಗಳನ್ನು ನೀವು ಚಿಕ್ಕಂದಿನಲ್ಲಿ ಕಂಡಿದ್ದೀರಿ. ಬಿಳಿಬೆನ್ನಿನ ರಣಹದ್ದು 1980ರ ದಶಕದಲ್ಲಿ ಜಗತ್ತಿನ ದೊಡ್ಡ ಬೇಟೆಹಕ್ಕಿಗಳಲ್ಲೆಲ್ಲ ಬಹುಶಃ ಅತಿ ಹೆಚ್ಚು ಸಂಖ್ಯೆಯದಾಗಿತ್ತು. ಅದನ್ನು ಎಣಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಕಾಗೆಯನ್ನು ಯಾರು ಎಣಿಸುತ್ತಾರೆ? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಮಾತ್ರ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಅವುಗಳ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರು. 1987-88ರಲ್ಲಿ ಅಲ್ಲಿ 353 ಜೋಡಿಗಳು ಗೂಡು ಕಟ್ಟಿದ್ದವು. ಸುಮಾರು ಒಂದು ದಶಕದ ಮೇಲೆ ಎಣಿಸಿದಾಗ 150 ಆಗಿತ್ತು. ಮತ್ತೆ ಕೆಲವೇ ವರ್ಷಗಳಲ್ಲಿ ಒಂದೂ ಉಳಿಯಲಿಲ್ಲ. ದನಗಳಿಗೆ ನೋವಿಗಾಗಿ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಔಷಧ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತೆಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ ಸರ್ಕಾರ ಆ ಔಷಧವನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ದೇಶದ ನೂರು ಬಿಳಿಬೆನ್ನಿನ ರಣಹದ್ದುಗಳಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಹೋಗಿಬಿಟ್ಟಿದ್ದವು. ಕೆಂಪುಪಟ್ಟಿಯಲ್ಲಿ ಇಂದು ಅದೂ ವೊಲ್ಲೆಮಿಯೂ ಒಂದೇ ದರ್ಜೆಯಲ್ಲಿವೆ. ‘ಚಿಂತೆಯಿಲ್ಲ’ ಎನ್ನುವ ತುದಿಯಿಂದ ಆ ತುದಿಗೆ ಹೋಗಲು ಅದಕ್ಕೆ ಬೇಕಾದದ್ದು ಹೆಚ್ಚೆಂದರೆ ಹದಿನೈದು ವರ್ಷ. ವೊಲ್ಲೆಮಿಗೆ ಕೋಟಿ ವರ್ಷಗಳು ಹಿಡಿದಿದ್ದವು.

ಭರತಪುರದ ಆ ಹಳೆಯ ಎಣಿಕೆ ಇಲ್ಲದಿದ್ದರೆ, ಈಚೆಗೆ ಹದ್ದು ಕಡಿಮೆಯಾಗಿವೆಯಲ್ಲ ಎಂದು ನಾವು ಕಟ್ಟೆಯ ಮೇಲೆ ಕುಳಿತು ಮಾತನಾಡಿಕೊಳ್ಳುತ್ತಿದ್ದೆವು, ಅಷ್ಟೆ.

ನಮ್ಮ ಗಡಿಸೀಮೆಯ ಶಾಲೆಗಳ ಬಗ್ಗೆ ಮಾತು ಬಂದಾಗಲೆಲ್ಲ ‘ಅಳಿವಿನಂಚು’ ಎಂಬ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಜೀವವಿಜ್ಞಾನದ ಪದವನ್ನು ಭಾಷೆಗೆ ಹಾಗೆಯೇ ಹೊಂದಿಸುವುದು ನನಗೆ ಒಪ್ಪಿಗೆಯಿಲ್ಲ. ಭಾಷೆ ಮರವೂ ಅಲ್ಲ, ಹಕ್ಕಿಯೂ ಅಲ್ಲ. ಆದರೂ ಒಂದು ಮಾತು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಆ ಲೆಕ್ಕದಲ್ಲಿ ಕನ್ನಡ ನಾಮದ ಕೋಳಿಯೇ ಸರಿ. ಅದೇ ಭಾಷೆ ನಮ್ಮ ಊರಿನ ತರಗತಿಯಲ್ಲಿ ಕಮರಿಯ ಮರದಂತೆ ಬೆರಳೆಣಿಕೆಯಾಗಿರಬಹುದು. ತರಗತಿಯಲ್ಲಿ ಮಕ್ಕಳು ಕಡಿಮೆಯೆಂಬ ಕಾರಣಕ್ಕೆ ಆ ಮಕ್ಕಳೂ ಕಡಿಮೆಯವರೆಂದು ಯಾವ ಪಾಲಕರೂ ಭಾವಿಸಬೇಕಾಗಿಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ನಾನು ನನ್ನ ವಿಷಯವನ್ನು ಬಿಟ್ಟು ಹೋದಂತಾಗುತ್ತದೆ.

ಆದ್ದರಿಂದ ಶಾಲೆಯ ಮುಂದೆ ಒಂದು ಕೆಲಸವನ್ನು ಇಡುತ್ತೇನೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಸಂಬಳದ ನೌಕರರಲ್ಲ, ಆಸಕ್ತ ಜನರೇ ತಮ್ಮ ತಮ್ಮ ಊರಿನ ಕೆರೆಗೆ ಹೋಗಿ ಎಣಿಸಿ ಬರೆದು ಕಳಿಸುತ್ತಾರೆ. ನಮ್ಮ ಶಾಲೆಯ ಕಪಾಟಿನಲ್ಲಿ ನೂರು ವರ್ಷಗಳ ಹಾಜರಿ ಪುಸ್ತಕಗಳಿವೆ. ಮಳೆ ಬರಲಿ, ಬರಗಾಲ ಬರಲಿ, ದಿನಾಲೂ ಹೆಸರು ಕರೆದು ಗುರುತು ಹಾಕುವ ಅಭ್ಯಾಸ ಇರುವ ಸಂಸ್ಥೆಗೆ ವರ್ಷಕ್ಕೊಮ್ಮೆ ಹಕ್ಕಿಗಳ ಹಾಜರಿ ತೆಗೆದುಕೊಳ್ಳುವುದು ಭಾರವಲ್ಲ.

ಎಂಟು, ಒಂಬತ್ತನೆಯ ತರಗತಿಯ ಹತ್ತು ಮಕ್ಕಳು ಸಾಕು. ಜೊತೆಗೆ ವಿಜ್ಞಾನದ ಗುರುಗಳು ಅಥವಾ ಗುರುಮಾತೆಯವರು ಒಬ್ಬರು. ಜನವರಿಯ ಎರಡನೆಯ ಭಾನುವಾರ, ಬೆಳಗ್ಗೆ ಏಳಕ್ಕೆ ಕೆರೆಯ ಏರಿಯ ಮೇಲೆ ಸೇರಬೇಕು. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಬೇಕು, ಇಲ್ಲದಿದ್ದರೆ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ಕಾಣುತ್ತವೆ. ಮೊದಲ ವರ್ಷ ನಾಮದ ಕೋಳಿಯೊಂದನ್ನೇ ಎಣಿಸಿದರೂ ಸರಿ. ಹಿಂಡು ದೊಡ್ಡದಾಗಿದ್ದರೆ ಹತ್ತನ್ನು ಎಣಿಸಿ, ಅಂಥ ಗುಂಪುಗಳು ಎಷ್ಟಿವೆ ಎಂದು ನೋಡುತ್ತ ಹೋಗಬೇಕು. ಇಬ್ಬಿಬ್ಬರು ಬೇರೆ ಬೇರೆ ಎಣಿಸಿ, ಎರಡು ಎಣಿಕೆಗಳನ್ನೂ ಬರೆಯಬೇಕು. ಒಂದೂ ಕಾಣದಿದ್ದರೆ ಸೊನ್ನೆ ಎಂದು ಬರೆಯಬೇಕು, ಪುಟವನ್ನು ಖಾಲಿ ಬಿಡಬಾರದು. ಸೊನ್ನೆಯೂ ಒಂದು ಎಣಿಕೆ. ದಿನಾಂಕ, ಹೊತ್ತು, ಕೆರೆಯಲ್ಲಿದ್ದ ನೀರಿನ ಮಟ್ಟ, ಎಣಿಸಿದವರ ಹೆಸರು ಇಷ್ಟೂ ಇರಲಿ. ಹೆಸರನ್ನು ಕನ್ನಡದಲ್ಲಿ ನಾಮದ ಕೋಳಿ ಎಂದೂ ಮರಾಠಿಯಲ್ಲಿ ವಾರಕರಿ ಎಂದೂ ಬರೆದರೆ, ಮುಂದೆ ಆ ಪುಸ್ತಕ ಯಾರ ಕೈಗೆ ಸಿಕ್ಕರೂ ಓದಿಕೊಳ್ಳುತ್ತಾರೆ.

ದುರ್ಬೀನು ಎರಡನ್ನು ಹಳೆಯ ವಿದ್ಯಾರ್ಥಿಗಳ ಸಂಘದ ಪರವಾಗಿ ತಂದಿದ್ದೇನೆ. ರಟ್ಟಿನ ಗಟ್ಟಿ ಹೊದಿಕೆ ಹಾಕಿಸಿದ ಇನ್ನೂರು ಪುಟಗಳ ಒಂದು ನೋಂದಣಿ ಪುಸ್ತಕವೂ ಇದೆ. ವರ್ಷಕ್ಕೆ ಎರಡು ಪುಟವೆಂದರೆ ಅದು ನೂರು ವರ್ಷಕ್ಕೆ ಸಾಕಾಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಅವನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಪ್ಪಿಸುತ್ತೇನೆ. ಮೊದಲ ಪುಟವನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ಮಕ್ಕಳೇ ಬರೆಯಲಿ.